ಮಾಯದ ಗಾಯ ಮತ್ತು ಬಣ್ಣವಿಲ್ಲದ ಪಾಚಿ

(ಬಾನುಲಿ ಭಾಷಣದ ಪಠ್ಯ)



ಪಾಚಿ ಎಂದೊಡನೆ ಕೆರೆಯ ಮೇಲಿನ ಹಸಿರು ಪದರ, ಕಾಲು ಜಾರುವ ಬಾವಿಯ ಮೆಟ್ಟಿಲು ನೆನಪಿಗೆ ಬರುತ್ತವೆ. ಪಾಚಿಯಿಂದ ಮನುಷ್ಯನಿಗೂ ಸೋಂಕು ತಗಲಬಹುದೆಂದರೆ ಆಶ್ಚರ್ಯವಾಗಬಹುದು. ಇದು ಅತಿ ವಿರಳ. ಆದರೂ ಕೆಸರಿನಲ್ಲಿ ದುಡಿಯುವವರು ತಿಳಿದಿರಬೇಕಾದ ವಿಷಯ.

ಈ ಪಾಚಿಯ ಹೆಸರು ಪ್ರೊಟೊಥೀಕಾ. ಇದರಲ್ಲಿ ಪತ್ರಹರಿತ್ತು ಇಲ್ಲ. ಆದ್ದರಿಂದ ಹಸಿರು ಬಣ್ಣವೂ ಇಲ್ಲ, ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಶಕ್ತಿಯೂ ಇಲ್ಲ. ಕೊಳೆತ ಸಸ್ಯಭಾಗ, ಚರಂಡಿ ನೀರು, ಸಗಣಿ, ಒದ್ದೆ ಮಣ್ಣುಗಳಲ್ಲಿ ಇದು ಬದುಕುತ್ತದೆ. 1894ರಲ್ಲಿ ಕ್ರೂಗರ್ ಎಂಬ ವಿಜ್ಞಾನಿ ಮರಗಳಿಂದ ಒಸರುವ ಲೋಳೆರಸದಲ್ಲಿ ಇದನ್ನು ಕಂಡು ವಿವರಿಸಿದರು. ಮನುಷ್ಯನಲ್ಲಿ ಇದರ ಸೋಂಕು ಮೊದಲು ವರದಿಯಾದದ್ದು 1964ರಲ್ಲಿ, ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದಿಂದ. ರೋಗಿ ಒಬ್ಬ ಭತ್ತದ ಬೆಳೆಗಾರ. ಸೋಂಕು ತಗಲಿದ್ದು ಪಾದಕ್ಕೆ.

ಸಾಮಾನ್ಯವಾಗಿ ಈ ಪಾಚಿ ಮುಳ್ಳು, ಕೂಳೆ, ಕುಡುಗೋಲುಗಳಿಂದಾದ ಗಾಯದ ಮೂಲಕ ಒಳಸೇರುತ್ತದೆ. ಕೆಲವು ವಾರಗಳ ನಂತರ ಅಲ್ಲಿ ಗಂಟು, ಕೆಂಪು ದದ್ದು ಅಥವಾ ಹುಣ್ಣು ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಮೊಣಕೈಯ ಹಿಂಬದಿ ಊದಿಕೊಳ್ಳುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವ ರೋಗ ಇದಲ್ಲ. ಆದರೆ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ದೇಹದ ಒಳಗೂ ವ್ಯಾಪಿಸಿ ಪ್ರಾಣಕ್ಕೆ ಅಪಾಯವಾಗಬಹುದು.

ಇದನ್ನು ಗುರುತಿಸುವುದೇ ಕಷ್ಟ. ನೋಡಲು ಬೇರೆ ಚರ್ಮರೋಗಗಳಂತೆಯೇ ಇರುವುದರಿಂದ ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತ ಕಾಲ ಕಳೆಯುವುದುಂಟು. ಹುಣ್ಣಿನ ಚೂರನ್ನು ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗಲೇ ನಿಜ ತಿಳಿಯುತ್ತದೆ. ಚಿಕಿತ್ಸೆ ಇದೆ. ಇಟ್ರಕೊನಜೋಲ್, ಆಂಫೊಟೆರಿಸಿನ್‌ನಂಥ ಶಿಲೀಂಧ್ರನಾಶಕ ಔಷಧಿಗಳನ್ನು ವೈದ್ಯರು ಕೊಡುತ್ತಾರೆ. ಕೆಲವೊಮ್ಮೆ ಶಸ್ತ್ರಕ್ರಿಯೆಯಿಂದ ಆ ಭಾಗವನ್ನು ತೆಗೆಯುತ್ತಾರೆ. ಈ ಔಷಧಿಗಳನ್ನು ತಾವಾಗಿಯೇ ಕೊಂಡು ಬಳಸಬಾರದು.

ಹಸುಗಳಲ್ಲಿಯೂ ಈ ಪಾಚಿಯಿಂದ ಕೆಚ್ಚಲು ಬಾವು ಬರುತ್ತದೆ. ಹಾಲು ನೀರಾಗಿ, ಗರಣೆಗಟ್ಟಿ, ಇಳುವರಿ ಇಳಿಯುತ್ತದೆ. ಆಂಟಿಬಯಾಟಿಕ್ ಚುಚ್ಚುಮದ್ದಿಗೆ ಇದು ಬಗ್ಗುವುದಿಲ್ಲ. ಎಷ್ಟು ಮದ್ದು ಕೊಟ್ಟರೂ ವಾಸಿಯಾಗದಿದ್ದರೆ ಪಶುವೈದ್ಯರಿಗೆ ಹೇಳಿ ಹಾಲನ್ನು ಪರೀಕ್ಷೆಗೆ ಕಳುಹಿಸಬೇಕು. ಅಂಥ ಹಸುವನ್ನು ಬೇರೆ ಕಟ್ಟಿ, ಕೊನೆಯಲ್ಲಿ ಕರೆಯಬೇಕು. ಅದರ ಹಾಲನ್ನು ಬಳಸಬಾರದು.

ಮುನ್ನೆಚ್ಚರಿಕೆ ಸುಲಭ:

1. ಗಾಯವಾದ ಕೂಡಲೇ ಶುದ್ಧ ನೀರು, ಸೋಪಿನಿಂದ ತೊಳೆಯಿರಿ.

2. ಗಾಯಕ್ಕೆ ಪಟ್ಟಿ ಕಟ್ಟದೆ ಕೆಸರು, ಸಗಣಿ, ಚರಂಡಿ ನೀರಿಗೆ ಇಳಿಯಬೇಡಿ. ಸಾಧ್ಯವಿದ್ದರೆ ಗಂಬೂಟು ಧರಿಸಿ.

3. ಎರಡು ಮೂರು ವಾರಗಳಲ್ಲಿ ಮಾಯದ ಗಾಯವನ್ನು ವೈದ್ಯರಿಗೆ ತೋರಿಸಿ. ಗದ್ದೆ, ಕೊಟ್ಟಿಗೆಯಲ್ಲಿ ಕೆಲಸ ಮಾಡುವುದನ್ನು ಮರೆಯದೆ ತಿಳಿಸಿ.

ಮಾಯದ ಗಾಯಗಳೆಲ್ಲ ಪಾಚಿಯಿಂದಾದವಲ್ಲ. ಆದರೆ ಕಾರಣ ಯಾವುದೇ ಇರಲಿ, ಬೇಗ ಪರೀಕ್ಷೆ ಮಾಡಿಸಿದರೆ ಗುಣವಾಗುವುದು ಸುಲಭ.