ಮೂರು ಊರುಗಳ ಹೆಸರು ಮತ್ತು ಇಂಗ್ಲಿಷಿನ ಅಕ್ಷರಗಳು

ದಕ್ಷಿಣ ಕನ್ನಡ ಜಿಲ್ಲೆಯ ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಮೂರು ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಮುಂದಿಟ್ಟುಕೊಂಡರೆ ಒಂದು ವಿನೋದವು ಕಾಣುತ್ತದೆ. ರೂಢಿಯ ಬರವಣಿಗೆಯಲ್ಲಿ ಬಂಟವಾಳಕ್ಕೆ ಏಳು ಅಕ್ಷರಗಳು: ಬಿ, ಎ, ಎನ್, ಟಿ, ಡಬ್ಲ್ಯು, ಎ, ಎಲ್. ಇವುಗಳಲ್ಲಿ ಡಬ್ಲ್ಯು ಒಂದನ್ನುಳಿದು ಮಿಕ್ಕ ಆರೂ ಬೆಳ್ತಂಗಡಿಯ ಹನ್ನೊಂದು ಅಕ್ಷರಗಳೊಳಗೆ ಅಡಗಿವೆ. ಮೂಡುಬಿದಿರೆಯ ಒಂಬತ್ತು ಅಕ್ಷರಗಳ ಗೋತ್ರವೇ ಬೇರೆ. ಮೂರು ಹೆಸರಿಗೂ ಸಮಾನವಾಗಿರುವುದು ಬಿ ಎಂಬುದೊಂದೇ.

ದೊಡ್ಡ ಮಾತೊಂದರ ಅಕ್ಷರಗಳನ್ನು ಕಲಕಿ ಚಿಕ್ಕ ಮಾತುಗಳನ್ನು ಕಟ್ಟುವುದು ಮಕ್ಕಳಾಟವೆಂದು ನಾವು ತಿಳಿಯುತ್ತೇವೆ. ಆದರೆ ಇಂಗ್ಲಿಷಿನ ಅಕ್ಷರಗಳ ಸ್ವಭಾವವನ್ನು ತಿಳಿಯುವುದಕ್ಕೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಬಂಟವಾಳದ ಅಕ್ಷರಗಳಿಂದ ಇರುವೆ ಎಂಬರ್ಥದ ಆ್ಯಂಟ್ ಆಗುತ್ತದೆ. ಅದರ ಮೊದಲಿಗೆ ಡಬ್ಲ್ಯುವನ್ನು ಸೇರಿಸಿದರೆ ವ್ಯಾಂಟ್ ಆಗಬೇಕಷ್ಟೆ? ಆಗುವುದಿಲ್ಲ, ವಾಂಟ್ ಆಗುತ್ತದೆ. ಇದಕ್ಕೆ ಕಾರಣವುಂಟು. ಡಬ್ಲ್ಯುವನ್ನು ನುಡಿಯುವಾಗ ತುಟಿಗಳು ದುಂಡಗಾಗುತ್ತವೆ. ಆ ದುಂಡುತನವು ಮುಂದಿನ ಸ್ವರಕ್ಕೂ ಹತ್ತಿಕೊಂಡಿತು. ವಾಶ್, ವಾಚ್, ಸ್ವಾನ್ ಎಂಬವೂ ಹೀಗೆಯೇ ಆದುವು. ವ್ಯಾಗ್, ವ್ಯಾಕ್ಸ್ ಎಂಬಲ್ಲಿ ಮಾತ್ರ, ಸ್ವರದ ಮುಂದೆ ಬರುವ ಕಂಠ್ಯ ವ್ಯಂಜನವು ಸ್ವರವನ್ನು ಹಳೆಯ ಸ್ಥಾನದಲ್ಲಿಯೇ ಹಿಡಿದು ನಿಲ್ಲಿಸಿತು. ಬಾಯಿ ಬದಲಾಯಿತು, ಬರಹ ಬದಲಾಗಲಿಲ್ಲ. ಅಚ್ಚಿನ ಮೊಳೆಗಳು ಅದನ್ನು ಮೊದಲೇ ಬಿಗಿದುಬಿಟ್ಟಿದ್ದುವು.

ಬೆಳ್ತಂಗಡಿಯು ಇನ್ನೂ ಸಮೃದ್ಧವಾದ ಗಣಿ. ಆ ಹೆಸರನ್ನೇ ಅರಿಯದ ಇಂಗ್ಲಿಷಿನವನೊಬ್ಬನು ಅದರಲ್ಲಿ ಮೊದಲು ಬೆಲ್ಟ್ ಎಂಬುದನ್ನೂ ಅದರ ಬೆನ್ನಿಗೆ ಹ್ಯಾಂಗ್ ಎಂಬುದನ್ನೂ ಕಂಡಾನು! ಅಂಗಡಿಯು ಅವನಿಗೆ ಕಾಣುವುದೇ ಇಲ್ಲ. ಉಪ್ಪಿನಂಗಡಿ, ಹಳೆಯಂಗಡಿಗಳ ಒಡಹುಟ್ಟೆಂದು ನಾವು ಕೇಳಿದೊಡನೆ ಗುರುತಿಸುವ ಹೆಸರು ಅವನಿಗೆ ನಡುಪಟ್ಟಿಯ ನೇತಾಟವಾಗಿಬಿಡುತ್ತದೆ. ಇದೇ ಅಕ್ಷರಗಳಿಂದ ಬಾತ್ ಎಂಬ ನಾಮಪದವೂ, ಕೊನೆಗೆ ಇ ಒಂದನ್ನು ಸೇರಿಸಿದರೆ ಬೇದ್ ಎಂಬ ಕ್ರಿಯಾಪದವೂ ಆಗುತ್ತವೆ. ಟಿ ಎಚ್ ಎಂಬ ಜೋಡಿಯು ಒಂದರಲ್ಲಿ ಅಘೋಷ, ಇನ್ನೊಂದರಲ್ಲಿ ಘೋಷ. ಲೇಡಿ ಎಂಬುದರ ಕೊನೆಯ ವೈ ಇಕಾರ. ಡಿನೈ ಎಂಬುದರ ಕೊನೆಯ ವೈ ಐಕಾರ. ಮೂಡುಬಿದಿರೆಯ ಅಕ್ಷರಗಳಲ್ಲಿ ಮೂಡ್, ರೂಮ್, ಡೂಮ್ ಎಂಬವು ಊಕಾರವನ್ನು ಒಪ್ಪಿಕೊಂಡಿರಲು ಡೋರ್ ಎಂಬುದು ಮಾತ್ರ ಪಂಕ್ತಿಯನ್ನು ಬಿಟ್ಟು ಹೊರಗೆ ನಿಂತಿದೆ. ಮೂಡ್ ಎಂದರೆ ಇಂಗ್ಲಿಷಿನಲ್ಲಿ ಮನಸ್ಸಿನ ಸ್ಥಿತಿ. ಮೂಡು ಎಂದರೆ ನಮಗೆ ಸೂರ್ಯನು ಹುಟ್ಟುವ ದಿಕ್ಕು.

ತಮ್ಮ ಮಾತಿಗೇ ಹೀಗೆ ನಿಷ್ಠೆಯಿಲ್ಲದ ಅಕ್ಷರಗಳಿಗೆ ನಮ್ಮ ಊರುಗಳನ್ನು ಒಪ್ಪಿಸಿದುದರ ಫಲವೇನಾಯಿತು? ಬಂಟವಾಳದ ಟಕಾರಕ್ಕೆ ಟಿ ಒಂದನ್ನೇ ಇಟ್ಟು, ಬೆಳ್ತಂಗಡಿಯ ತಕಾರಕ್ಕೆ ಟಿ ಎಚ್ ಎಂದು ಬರೆದದ್ದು ದಕ್ಷಿಣದವರ ಜಾಣತನ. ಉತ್ತರದಲ್ಲಿ ಲತಾ ಎಂಬ ಹೆಸರಿಗೆ ಎಚ್ ಬೇಡ, ನಮ್ಮಲ್ಲಿ ಬೇಕು. ಆದರೆ ತಕಾರಕ್ಕೆ ಎಚ್ಚನ್ನು ವೆಚ್ಚಮಾಡಿದ ಮೇಲೆ ನಾಥ ಎಂಬಲ್ಲಿಯ ಮಹಾಪ್ರಾಣಕ್ಕೆ ಉಳಿದುದೇನು? ಮೂಡುಬಿದಿರೆಯಲ್ಲಂತೂ ಡಿ ಎರಡು ಸಲ ಬರುತ್ತದೆ. ಮೊದಲನೆಯದು ಡಕಾರ, ಎರಡನೆಯದು ದಕಾರ. ಮೊದಲ ಎರಡು ಊರುಗಳ ಳಕಾರಕ್ಕೆ ಎಲ್ ಒಂದೇ ಗತಿ. ಈ ಊರುಗಳ ತೋಟಗಳ ಅಡಕೆಯು ಪೋರ್ತುಗೀಸರ ಬಾಯಿಂದ ಇಂಗ್ಲಿಷಿಗೆ ಅರೀಕ ಎಂದು ಹೋದಾಗ ಡಕಾರವು ರಕಾರವಾದುದನ್ನೂ ಇಲ್ಲಿ ನೆನೆಯಬಹುದು.

ಇದಕ್ಕೆ ಮದ್ದನ್ನು ಹುಡುಕಿದವರು ಇಲ್ಲದಿಲ್ಲ. 1871ರಲ್ಲಿ ಹಂಟರ್ ಸಾಹೇಬರು ಭಾರತದ ಹೆಸರುಗಳನ್ನು ಬರೆಯುವ ಕ್ರಮವೊಂದನ್ನು ಪ್ರಕಟಿಸಿದರು. ಆದರೆ ಆಗಲೇ ಪ್ರಸಿದ್ಧವಾಗಿದ್ದ ಅಪಭ್ರಂಶಗಳನ್ನು ಹಾಗೆಯೇ ಉಳಿಸಿದರು. 1894ರಲ್ಲಿ, ಎಂದರೆ ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಹೊರಬಂದ ವರ್ಷದಲ್ಲಿಯೇ, ಜಿನೀವಾದಲ್ಲಿ ಕೂಡಿದ ಪ್ರಾಚ್ಯವಿದ್ವಾಂಸರು ಅಕ್ಷರಗಳ ಕೆಳಗೆ ಚುಕ್ಕೆಯಿಡುವ ಪದ್ಧತಿಗೆ ಒಪ್ಪಿದರು. ಚುಕ್ಕೆಗಳು ಪಂಡಿತರ ಗ್ರಂಥಗಳಲ್ಲಿ ನಿಂತುವು. ಕಚೇರಿಗೂ ಅಂಚೆಗೂ ಇಳಿಯಲಿಲ್ಲ. 2014ರ ನವೆಂಬರ್ 1ರಂದು ಮಂಗಳೂರೂ ಸೇರಿ ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ರೂಪವು ತಿದ್ದಲ್ಪಟ್ಟಿತು. ನಮ್ಮ ಈ ಮೂರು ಊರುಗಳು ಆ ಪಟ್ಟಿಯಲ್ಲಿರಲಿಲ್ಲ.

ಮೂಡುಬಿದಿರೆಯ ಸಂಗತಿಯು ಈ ವಿಷಯದಲ್ಲಿ ವಿಶೇಷವಾದುದು. ಷಟ್ಖಂಡಾಗಮದ ಧವಲಾ ಟೀಕೆಯ ಓಲೆಗಳು ಶತಮಾನಗಳ ಕಾಲ ಉಳಿದು ಬಂದದ್ದು ಇಲ್ಲಿಯ ಸಿದ್ಧಾಂತ ಬಸದಿಯಲ್ಲಿ. ಭಾಷೆಯು ಪ್ರಾಕೃತ ಮತ್ತು ಸಂಸ್ಕೃತ, ಲಿಪಿಯು ಹಳಗನ್ನಡದ್ದು. 1939ರಲ್ಲಿ ಅದರ ಮೊದಲ ಸಂಪುಟವು ನಾಗರಿಯಲ್ಲಿ ಅಚ್ಚಾಯಿತು. ಪರಭಾಷೆಯ ತಕಾರ, ಟಕಾರ, ಥಕಾರಗಳನ್ನು ಬೇರೆ ಬೇರೆಯಾಗಿ ಕಾಪಾಡಿಕೊಟ್ಟ ಲಿಪಿಯ ಊರಿಗೆ, ತನ್ನ ಹೆಸರಿನಲ್ಲಿಯೇ ಡಕಾರ ದಕಾರಗಳ ಭೇದವು ಉಳಿಯದೆ ಹೋದುದು ವಿಪರ್ಯಾಸವಲ್ಲವೆ?

ಇದನ್ನು ಪಂಡಿತರ ಕಲಹವೆಂದು ತಳ್ಳಿಬಿಡುವಂತಿಲ್ಲ. ಮೂಡುಬಿದಿರೆಯನ್ನು ಕೆಲವರು ಎರಡು ಓ ಇಟ್ಟು ಬರೆಯುತ್ತಾರೆ, ಕೆಲವರು ಯು ಇಡುತ್ತಾರೆ. ನಡುವೆ ಎ ಸೇರಿಸುವವರೂ ಇದ್ದಾರೆ. ಅಕಾರಾದಿಯಲ್ಲಿ ಒಂದೇ ಊರು ಎರಡು ಕಡೆ ಬೀಳುತ್ತದೆ. ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆಯಾದರೆ, ಹುಟ್ಟಿದ ಊರು ಒಂದೇ ಎಂದು ಪ್ರಮಾಣಪತ್ರ ಮಾಡಿಸಬೇಕಾಗಿ ಬರುವುದುಂಟು. ಇದಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು: ಫಲಕದ ಇಂಗ್ಲಿಷನ್ನು ಮೊದಲು ಓದಲು ಕಲಿತ ಮಗುವು ಬೆಲ್ತಂಗಡಿ ಎನ್ನುತ್ತದೆ, ಬಂಟ್ವಾಲ್ ಎನ್ನುತ್ತದೆ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ ಊರಿನ ಹೆಸರಿನಿಂದ ಳಕಾರವು ಜಾರಿದರೆ ಅದನ್ನು ಮರಳಿ ಕೊಡಬಲ್ಲ ಅಕ್ಷರವು ಆ ಇಪ್ಪತ್ತಾರರಲ್ಲಿ ಇಲ್ಲ. ಫಲಕದಲ್ಲಿ ಕನ್ನಡವು ಮೇಲೆ, ದೊಡ್ಡದಾಗಿ ಇರಬೇಕೆನ್ನುವುದಕ್ಕೆ ನಮಗೆ ತೋರುವ ಮೊದಲನೆಯ ಕಾರಣ ಇದೇ, ಅಭಿಮಾನವು ಎರಡನೆಯದು.

ತುಳುವರು ಮೂಡುಬಿದಿರೆಯನ್ನು ಬೆದ್ರ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಐದೇ ಅಕ್ಷರಗಳು ಸಾಕು. ಅವುಗಳಲ್ಲಿಯೂ ಒಂದು ಡಿ ಇದೆ, ಅದು ದಕಾರ.