ಇಳಿವಯಸ್ಸಿನ ಊಟವೂ ಪ್ರಾಸ್ಟೇಟ್ ಗ್ರಂಥಿಯೂ



ಅರುವತ್ತು ದಾಟಿದ ನಾವು ಮಂಡಿನೋವಿನ ವಿಷಯವನ್ನು ಜಗಲಿಯ ಮೇಲೆ ಕುಳಿತು ಧಾರಾಳವಾಗಿ ಆಡುತ್ತೇವೆ. ರಾತ್ರಿ ನಾಲ್ಕು ಬಾರಿ ಮೂತ್ರಕ್ಕೆಂದು ಏಳುವ ಸಂಗತಿಯನ್ನು ಮಾತ್ರ ಮನೆಯವರಿಗೂ ತಿಳಿಸುವುದಿಲ್ಲ. ಎಷ್ಟೋ ಸಲ ವ್ಯಾಧಿಗಿಂತ ಈ ಸಂಕೋಚವೇ ಹೆಚ್ಚಿನ ಕೇಡನ್ನು ತರುತ್ತದೆ. ಆದುದರಿಂದ ಇಂದು ಆ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಅರಿಕೆಮಾಡುತ್ತೇವೆ.

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಗ್ರಂಥಿ. ಯೌವನದಲ್ಲಿ ಅದು ಒಂದು ಅಕ್ರೋಟುಕಾಯಿಯಷ್ಟು ಮಾತ್ರ. ತೂಕ ಸುಮಾರು 20 ಗ್ರಾಂ. ವಯಸ್ಸಾದಂತೆ ಅದು ಬೆಳೆದು ನಾಳವನ್ನು ಒತ್ತುವುದುಂಟು. ಆಗ ಧಾರೆ ಕ್ಷೀಣಿಸುತ್ತದೆ. ತಡೆದು ತಡೆದು ಬರುತ್ತದೆ. ಈ ಬೆಳವಣಿಗೆ ಅರ್ಬುದವಲ್ಲ, ಅರ್ಬುದವಾಗಿ ಮಾರ್ಪಡುವುದೂ ಇಲ್ಲ. ಆದರೆ ಅದೇ ಗ್ರಂಥಿಯಲ್ಲಿ ಅರ್ಬುದವು ಬೇರೆಯಾಗಿ, ಮೊದಲಲ್ಲಿ ಯಾವ ಸುಳಿವನ್ನೂ ಕೊಡದೆ, ಹುಟ್ಟಬಹುದು. ಎರಡರ ಭೇದವನ್ನು ವೈದ್ಯರೇ ಪರೀಕ್ಷಿಸಿ ಹೇಳಬೇಕು.

ಹಾಗಾದರೆ ಏನನ್ನು ತಿನ್ನಬೇಕೆಂದು ಕೇಳುವಿರಿ. ಒಂದು ಗುಳಿಗೆಯಲ್ಲಿ ಉತ್ತರ ದೊರೆತೀತೆಂದು ಲೋಕವು ಬಹಳ ಆಶಿಸಿತ್ತು. 2001ರಿಂದ ಅಮೆರಿಕ, ಕೆನಡ ಮೊದಲಾದೆಡೆಗಳಲ್ಲಿ 35,000ಕ್ಕೂ ಮಿಕ್ಕ ಗಂಡಸರನ್ನು ಸೇರಿಸಿಕೊಂಡು, ಸೆಲೆನಿಯಮ್ ಮತ್ತು 'ಇ' ಜೀವಸತ್ತ್ವ ಅರ್ಬುದವನ್ನು ತಡೆಯುವವೇ ಎಂದು ಪರೀಕ್ಷಿಸಿದರು. ಪ್ರಯೋಜನ ಕಾಣದೆ 2008ರಲ್ಲಿ ಗುಳಿಗೆಗಳನ್ನು ನಿಲ್ಲಿಸಿದರು. 2011ರಲ್ಲಿ ಲೆಕ್ಕ ನೋಡಿದರೆ, 'ಇ' ಜೀವಸತ್ತ್ವವನ್ನು ಮಾತ್ರ ಸೇವಿಸಿದವರಲ್ಲಿ, ಹುಸಿಗುಳಿಗೆ ನುಂಗಿದವರಿಗಿಂತ ಅರ್ಬುದವು ಶೇಕಡ 17ರಷ್ಟು ಹೆಚ್ಚಾಗಿತ್ತು! ಹಿತವೆಂದು ನಂಬಿದುದು ಅಹಿತವಾಯಿತು. ಟೊಮೆಟೊ ಹಣ್ಣಿನ ಕೀರ್ತಿಯೂ ಇನ್ನೂ ಸಿದ್ಧಾಂತವಾಗಿಲ್ಲ. ಆದರೂ ಅದರ ಸಾರಿನಿಂದ ನಷ್ಟವೇನೂ ಇಲ್ಲ.

ಉಳಿಯುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ಮಿತಾಹಾರವೇ. ಬೊಜ್ಜು ಈ ತೊಂದರೆಗಳಿಗೆ ನೆರವಾಗುತ್ತದೆ; ದಿನವೂ ನಡೆಯುವುದು ಅವನ್ನು ತಗ್ಗಿಸುತ್ತದೆ. ಮಲಬದ್ಧತೆ ಮೂತ್ರದ ತೊಂದರೆಯನ್ನು ಹೆಚ್ಚಿಸುವುದರಿಂದ ಸೊಪ್ಪಿನ ಹುಳಿ, ರಾಗಿ, ಕಾಳು, ಕೋಸಂಬರಿಗಳು ಎಲೆಯ ಮೇಲೆ ಇರಲಿ. ಸಂಜೆಯ ಕಾಫಿಯನ್ನು ಬಿಡುವುದು ನಮ್ಮವರಿಗೆ ಕಷ್ಟವೇ ಸರಿ; ಆದರೆ ಅದು ಮೂತ್ರವನ್ನು ಹೆಚ್ಚಿಸಿ ಅವಸರವನ್ನುಂಟುಮಾಡುತ್ತದೆ. ಮಲಗುವ ಮುನ್ನ ಎರಡು ಗಂಟೆ ಪಾನೀಯಗಳನ್ನು ಮಿತಗೊಳಿಸಬೇಕು.

ಆದರೆ ಹಗಲಿನ ನೀರನ್ನು ಬಿಡಬಾರದು. ನಾವೂ ಒಮ್ಮೆ ದೂರದ ಮದುವೆಗೆ ಹೊರಟಾಗ, ದಾರಿಯಲ್ಲಿ ಬಸ್ಸು ನಿಲ್ಲಿಸೆಂದು ಕೇಳುವ ನಾಚಿಕೆಯಿಂದ, ಬೆಳಗಿನಿಂದ ತೊಟ್ಟು ನೀರೂ ಕುಡಿಯಲಿಲ್ಲ. ಸಂಜೆಯ ಹೊತ್ತಿಗೆ ತಲೆ ಸುತ್ತಿತು, ಮೂತ್ರ ಉರಿಯಿತು. ಆರತಕ್ಷತೆಯನ್ನು ಕೋಣೆಯಲ್ಲಿ ಮಲಗಿಯೇ ಕೇಳಿದೆವು. ನೆಗಡಿಗೆಂದು ತಾವಾಗಿಯೇ ಕೊಂಡು ನುಂಗುವ ಕೆಲವು ಗುಳಿಗೆಗಳೂ ಮೂತ್ರವನ್ನು ಕಟ್ಟಿಬಿಡುವುದುಂಟು, ಎಚ್ಚರಿಕೆ ಬೇಕು.

ಮೂತ್ರದಲ್ಲಿ ರಕ್ತ ಕಂಡರೆ, ಇಲ್ಲವೆ ಮೂತ್ರ ಪೂರ್ತಿಯಾಗಿ ಕಟ್ಟಿದರೆ, ಊಟದ ವಿಚಾರವನ್ನು ಬದಿಗಿಟ್ಟು ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು. ಆಹಾರವು ದೇಹಕ್ಕೆ ಸಹಾಯಕವೇ ಹೊರತು ವೈದ್ಯನ ಸ್ಥಾನದಲ್ಲಿ ಕೂರಲಾರದು. ವೈದ್ಯರ ಮುಂದೆ ಬಾಯಿ ಬಿಡುವುದಕ್ಕೆ ನಾಚಬೇಕಾದುದು ಏನೂ ಇಲ್ಲ.