ಬೆನ್ನೆಲುಬಿನ ಪರಿಚಯ

ಪುಣೆ ಜಿಲ್ಲೆಯ ಬಾರಾಮತಿ ತಾಲ್ಲೂಕಿನಲ್ಲಿ ಮಾಳೇಗಾಂವ, ಸೋಮೇಶ್ವರ ಸಕ್ಕರೆ ಕಾರ್ಖಾನೆಗಳಿವೆ. ಹಂಗಾಮು ಬಂತೆಂದರೆ ಬೀಡ ಮುಂತಾದ ಜಿಲ್ಲೆಗಳ ಕೂಲಿಕಾರರು ಕಬ್ಬು ಕಡಿದು, ಹೊರೆಯನ್ನು ತಲೆಯ ಮೇಲೆ ಹೊತ್ತು ಲಾರಿಗೆ ಏರಿಸುತ್ತಾರೆ. ಆ ಭಾರವೆಲ್ಲ ಇಳಿಯುವುದು ಬೆನ್ನೆಲುಬಿನ ಮೇಲೆ.

ಹುಟ್ಟುವಾಗ ಅದರಲ್ಲಿ ಸಾಮಾನ್ಯವಾಗಿ 33 ಮೂಳೆಗಳು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಕೆಳಗಿನ 9 ಬೆಳೆಯುತ್ತಾ ಬೆಸೆದುಕೊಳ್ಳುತ್ತವೆ. ಮೂಳೆ ಮೂಳೆಯ ನಡುವೆ ಮೆತ್ತೆಯಂಥ ಡಿಸ್ಕ್. ಹಿಂಬದಿಯ ಕಾಲುವೆಯಲ್ಲಿ ಬೆನ್ನುಹುರಿ. ಈ ಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳ ಗೊಂಚಲು.

ಸೊಂಟ ಬಗ್ಗಿಸಿ ಭಾರ ಎತ್ತಿದಾಗ ಕೆಳಗಿನ ಡಿಸ್ಕ್‌ಗಳ ಮೇಲೆ ಒತ್ತಡ ಹೆಚ್ಚು. ಡಿಸ್ಕ್ ಉಬ್ಬಿ ನರವನ್ನು ಒತ್ತಿದರೆ ನೋವು ಕಾಲಿಗಿಳಿಯುತ್ತದೆ. ಹೊಲದಲ್ಲಿ ದುಡಿಯುವವರಿಗೂ, ಆಫೀಸಿನಲ್ಲಿ ಕುಳಿತಿರುವ ನಮಗೂ ಇರುವುದು ಇದೇ ಬೆನ್ನು.

ಹೆಚ್ಚಿನ ಸೊಂಟನೋವು ಕೆಲವು ವಾರಗಳಲ್ಲಿ ತಗ್ಗುತ್ತದೆ. ಆದರೆ ಕಾಲಿನ ಬಲ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಅದರ ಹಿಡಿತ ತಪ್ಪಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಆ ನರಗಳ ಗೊಂಚಲೇ ಒತ್ತಡಕ್ಕೆ ಸಿಕ್ಕಿರಬಹುದು. ಕೂಲಿ ಹೋದರೂ, ರಜೆ ಹೋದರೂ ಸರಿ, ತಕ್ಷಣ ಆಸ್ಪತ್ರೆಗೆ ಹೋಗಿ. ತಡವಾದರೆ ನರದ ಶಕ್ತಿ ಮರಳದೆ ಹೋಗಬಹುದು.